ಗಂಡನ ಮನೆ ಎರಡು ನಿಮಿಷ, ತವರು ಎರಡು ತಿಂಗಳು: ‘ಡಿಸ್ಕವರಿ’ ಕ್ಯಾಟಲಾಗ್ ಬಳಕೆದಾರರ ವಿಮರ್ಶೆ

ಸೇವೆ: ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ‘ಡಿಸ್ಕವರಿ’. ಕೆಲಸ: ಇಂಗ್ಲೆಂಡಿನ ಜೆಂಟ್ರಿ, ಅಂದರೆ ಬಿರುದಿಲ್ಲದ ಜಮೀನ್ದಾರಿ ಮನೆತನದ ವಿಧವೆಯರ ವಂಶಾವಳಿ ಹುಡುಕುವುದು. ಅಂಕ: 5ಕ್ಕೆ 4.

ಇಲ್ಲಿನ ನಿಜವಾದ ಸಂಪತ್ತು ‘ಪ್ರೋಬ್ 11’ ಸರಣಿ. ಉಯಿಲುಗಳನ್ನು ದೃಢೀಕರಿಸುತ್ತಿದ್ದ ಚರ್ಚಿನ ನ್ಯಾಯಾಲಯವಾದ ಕ್ಯಾಂಟರ್ಬರಿ ಪ್ರೆರೋಗೇಟಿವ್ ಕೋರ್ಟ್‌ನಲ್ಲಿ 1384ರಿಂದ 1858ರ ಜನವರಿ 12ರವರೆಗೆ ದಾಖಲಾದ ಹತ್ತು ಲಕ್ಷಕ್ಕೂ ಹೆಚ್ಚು ಉಯಿಲುಗಳು ಇದರಲ್ಲಿವೆ. ಒಂದಕ್ಕಿಂತ ಹೆಚ್ಚು ಡಯೋಸಿಸ್‌ಗಳಲ್ಲಿ, ಅಂದರೆ ಬಿಷಪ್ಪರ ಆಡಳಿತ ಪ್ರದೇಶಗಳಲ್ಲಿ, 5 ಪೌಂಡ್‌ಗೆ ಮೇಲ್ಪಟ್ಟ ಆಸ್ತಿ ಇದ್ದವರ ಉಯಿಲು ಈ ಕೋರ್ಟಿಗೆ ಬರಬೇಕಿತ್ತು. ಜೆಂಟ್ರಿಯವರಲ್ಲಿ ಬಹಳ ಮಂದಿ ಈ ಲೆಕ್ಕಕ್ಕೆ ಸೇರುತ್ತಾರೆ. ವಿವಾಹಿತ ಹೆಂಗಸರ ಆಸ್ತಿ ಹಕ್ಕಿನ 1882ರ ಕಾಯ್ದೆ ಬರುವವರೆಗೆ ಗಂಡ ಬದುಕಿರುವ ಹೆಂಗಸು ಅವನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವುದು ಸಾಮಾನ್ಯವಾಗಿ ಸಾಧ್ಯವಿರಲಿಲ್ಲ. ವಿಧವೆಗೆ ಆ ತಡೆ ಇಲ್ಲ. ಹೀಗಾಗಿ ಹೆಂಗಸರ ಉಯಿಲುಗಳಲ್ಲಿ ವಿಧವೆಯರದೇ ದೊಡ್ಡ ಪಾಲು.

ಹುಡುಕುವಾಗ ಮುಖ್ಯ ಪೆಟ್ಟಿಗೆಯನ್ನು ಬಿಟ್ಟು ಪ್ರೋಬ್ 11ರ ಪ್ರತ್ಯೇಕ ಫಾರಂಗೆ ಹೋಗಿ. ವೃತ್ತಿಯ ಜಾಗದಲ್ಲಿ ‘ವಿಡೋ’, ಜೊತೆಗೆ ಕೌಂಟಿ (ಅಲ್ಲಿನ ಜಿಲ್ಲೆ), ಅಡ್ಡಹೆಸರಿನ ಮೊದಲ ಮೂರ್ನಾಲ್ಕು ಅಕ್ಷರದ ನಂತರ ನಕ್ಷತ್ರ ಚಿಹ್ನೆ (*). ಆ ಕಾಲದ ಕಾಗುಣಿತಕ್ಕೆ ನಿಯಮವಿರಲಿಲ್ಲ, ನಕ್ಷತ್ರವಿಲ್ಲದೆ ಹುಡುಕಿದರೆ ಅರ್ಧ ಕೈತಪ್ಪುತ್ತದೆ. ಸಿಗುವ ತಾರೀಖು ಪ್ರೊಬೇಟ್, ಅಂದರೆ ಕೋರ್ಟು ಉಯಿಲನ್ನು ದೃಢೀಕರಿಸಿದ ದಿನದ್ದು. ಅದನ್ನು ಸಾವಿನ ದಿನ ಎಂದು ವಂಶವೃಕ್ಷಕ್ಕೆ ಏರಿಸಬೇಡಿ. 2020ರ ಏಪ್ರಿಲ್‌ನಲ್ಲಿ ಲಾಗಿನ್ ಆದವರಿಗೆ ಡೌನ್‌ಲೋಡ್ ಉಚಿತವಾಯಿತು, ಅಲ್ಲಿಂದ ಇದರ ಉಪಯೋಗವೇ ಬದಲಾಯಿತು. ಏಕೆಂದರೆ ಈ ಕೆಲಸಕ್ಕೆ ಒಂದು ಉಯಿಲು ಸಾಲದು, ಹದಿನೈದಿಪ್ಪತ್ತು ಬೇಕು.

ಕಾರಣ ಸೂಚಿಯಲ್ಲಿದೆ. ಉಯಿಲು ಬರೆದವರ ಹೆಸರು ಮಾತ್ರ ಸೂಚಿಯಲ್ಲಿ ಇರುತ್ತದೆ; ಒಳಗೆ ಬರುವ ಅಣ್ಣ, ತಂಗಿ, ಮೊಮ್ಮಕ್ಕಳು ಯಾರೂ ಹುಡುಕಾಟಕ್ಕೆ ಸಿಗುವುದಿಲ್ಲ. ವಿಧವೆ ಗಂಡನ ಅಡ್ಡಹೆಸರಿನಲ್ಲಿರುವುದರಿಂದ ತವರಿನ ಸುಳಿವು ನೇರವಾಗಿ ಬರದು. ದಾರಿ ಹೀಗೆ: ಮೊದಲು ಗಂಡನ ಉಯಿಲು ತೆಗೆಯಿರಿ. ಉಯಿಲು ಜಾರಿಯಾಗುವುದನ್ನು ನೋಡಿಕೊಳ್ಳುವ ಮೇಲ್ವಿಚಾರಕರ ಪಟ್ಟಿಯಲ್ಲಿ ಬೇರೆ ಅಡ್ಡಹೆಸರಿನ ‘ನನ್ನ ಸಹೋದರ’ ಇದ್ದರೆ, ಅವನು ಹೆಂಡತಿಯ ಅಣ್ಣತಮ್ಮನಾಗಿರುವ ಸಾಧ್ಯತೆ ಹೆಚ್ಚು. ಉಯಿಲು ಬರೆದವನ ತಂಗಿಯ ಗಂಡನೂ ಆಗಿರಬಹುದು, ಆತುರ ಬೇಡ. ಆ ಅಡ್ಡಹೆಸರು ಹಿಡಿದು ಅಕ್ಕಪಕ್ಕದ ಹಳ್ಳಿಗಳಲ್ಲಿ ಹಿಂದಿನ ಮೂವತ್ತು ವರ್ಷದ ಉಯಿಲುಗಳನ್ನು ಓದಿ. ಅಲ್ಲಿ ‘ನನ್ನ ಮಗಳು’ ಎಂದು ಗಂಡನ ಅಡ್ಡಹೆಸರಿನೊಂದಿಗೆ ಈಕೆ ಕಂಡರೆ ಕೆಲಸ ಮುಗಿದಂತೆ. ವಿಧವೆಯ ಉಯಿಲಿನಲ್ಲಿ ಉಂಗುರಕ್ಕೆಂದು 20 ಶಿಲಿಂಗ್ ಪಡೆದವರ ಪಟ್ಟಿಯನ್ನು ಹಾರಿಸಿ ಓದುವವರಿದ್ದಾರೆ. ತವರಿನ ಹೆಣ್ಣುಮಕ್ಕಳು ಅಡಗಿರುವುದು ಅಲ್ಲೇ. ಇನ್ನೊಂದು ಬಲೆ: ‘ಸನ್ ಇನ್ ಲಾ’ ಎಂದಿದ್ದರೆ ಅಳಿಯ ಅಂದುಕೊಳ್ಳಬೇಡಿ, ಮಲಮಗನೂ ಆಗಬಹುದು. ಮರುಮದುವೆಯಾದವಳು ಚರ್ಚಿನ ರಿಜಿಸ್ಟರಿನಲ್ಲಿ ಮೊದಲ ಗಂಡನ ಅಡ್ಡಹೆಸರಿನಲ್ಲಿರುತ್ತಾಳೆ. ಅದನ್ನೇ ತವರಿನ ಹೆಸರೆಂದು ಬಗೆದ ವಂಶವೃಕ್ಷಗಳು ಆನ್‌ಲೈನಿನಲ್ಲಿ ರಾಶಿರಾಶಿ ಇವೆ.

ಓದುವುದಕ್ಕೆ ತಾಳ್ಮೆ ಬೇಕು. 17ನೇ ಶತಮಾನದ ನಡುವಿನವರೆಗೂ ‘ಸೆಕ್ರೆಟರಿ’ ಎಂಬ ಹಳೆಯ ಕೈಬರಹದ ಲಿಪಿ ಕಾಣುತ್ತದೆ. ಆರ್ಕೈವ್ಸ್‌ನದೇ ಉಚಿತ ಪಾಠಗಳಿವೆ, ಮೊದಲು ಅದನ್ನು ಮುಗಿಸಿ. ರೋಮನ್ ಅಂಕಿಯಲ್ಲಿ ನಾಲ್ಕರ ಮೇಲೆ ಸಣ್ಣದಾಗಿ ಎರಡು ‘ಎಕ್ಸ್’ ಇದ್ದರೆ ಅದು ನಾಲ್ಕು ಇಪ್ಪತ್ತು, 80. ಉಯಿಲು ಇಂಗ್ಲಿಷ್‌ನಲ್ಲಿದ್ದರೂ ಕೊನೆಯ ಪ್ರೊಬೇಟ್ ಒಕ್ಕಣೆ 1733ರವರೆಗೆ ಬಹುಪಾಲು ಲ್ಯಾಟಿನ್. 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ ಶುರು, ಆದ್ದರಿಂದ ಜನವರಿ 1ರಿಂದ ಮಾರ್ಚ್ 24ರವರೆಗಿನ ತಾರೀಖುಗಳಿಗೆ ಎರಡು ವರ್ಷವನ್ನೂ ಬರೆದಿಡಿ.

ಕೈ ಪಳಗಿಸಲು ಬೆಸ್ ಆಫ್ ಹಾರ್ಡ್‌ವಿಕ್ ಒಳ್ಳೆಯ ಉದಾಹರಣೆ. ಡರ್ಬಿಶೈರ್‌ನ ಜೆಂಟ್ರಿ ಮನೆಯ ಮಗಳು, ನಾಲ್ಕು ಮದುವೆ: ಬಾರ್ಲಿ, ಕ್ಯಾವೆಂಡಿಶ್, ಸೇಂಟ್ ಲೋ, ಟಾಲ್ಬಟ್. ತೀರಿಕೊಂಡದ್ದು 1608ರ ಫೆಬ್ರವರಿ 13, ಹಳೆಯ ಲೆಕ್ಕದಲ್ಲಿ 1607. ಬಾರ್ಲಿ 1544ರಲ್ಲಿ ಸತ್ತಾಗ ವಿಧವೆಗೆ ಬರಬೇಕಾದ ಮೂರನೇ ಒಂದು ಪಾಲಿಗಾಗಿ ಕೋರ್ಟಿಗೆ ಹೋಗಬೇಕಾಯಿತು. ಉಯಿಲು ಕೈಕೊಟ್ಟಾಗ ಇಂಥ ವ್ಯಾಜ್ಯಗಳೇ ಆಸರೆ: ಆಸ್ತಿ ವ್ಯಾಜ್ಯಗಳನ್ನು ವಿಚಾರಿಸುತ್ತಿದ್ದ ಚಾನ್ಸರಿ ಕೋರ್ಟಿನ ಕಡತಗಳನ್ನೂ ಡಿಸ್ಕವರಿಯಲ್ಲೇ ಹೆಸರಿನಿಂದ ಹುಡುಕಬಹುದು, ಆದರೆ ಬಹುತೇಕ ಕಡತಗಳ ಚಿತ್ರ ಸಿಗದು, ಪ್ರತಿಗೆ ಹಣ ಕಟ್ಟಬೇಕು. ಜಗಳವಾಡಿದ ಮನೆತನ ವಂಶಾವಳಿಗಾರನಿಗೆ ವರ!

ಒಂದು ಅಂಕ ಕಡಿಮೆ ಮಾಡಿದ್ದು ಇದಕ್ಕೆ: ಉಯಿಲಿಲ್ಲದೆ ಸತ್ತವರ ಆಡಳಿತ ಪತ್ರಗಳು, ಅಂದರೆ ‘ಪ್ರೋಬ್ 6’, ಇಲ್ಲಿ ಡೌನ್‌ಲೋಡ್‌ಗೆ ಇಲ್ಲ. ಉತ್ತರ ಇಂಗ್ಲೆಂಡಿನ ಬಹಳಷ್ಟು ಉಯಿಲುಗಳು ಯಾರ್ಕ್‌ನ ಬೋರ್ಥ್‌ವಿಕ್ ಸಂಸ್ಥೆಯಲ್ಲಿವೆ. ಮದುವೆ ಒಪ್ಪಂದಗಳು ಕೌಂಟಿ ದಾಖಲೆ ಕಚೇರಿಗಳಲ್ಲಿರುತ್ತವೆ. ಡಿಸ್ಕವರಿ ಅವುಗಳ ವಿವರ ತೋರಿಸುತ್ತದೆ, ಕಾಗದ ತೋರಿಸುವುದಿಲ್ಲ. ಗಂಡ ಅಥವಾ ಅಪ್ಪ ಪಾರ್ಲಿಮೆಂಟ್ ಸದಸ್ಯನಾಗಿದ್ದರೆ ‘ಹಿಸ್ಟರಿ ಆಫ್ ಪಾರ್ಲಿಮೆಂಟ್’ ತಾಣ ಉಚಿತ. ಜೀವನಚರಿತ್ರೆಯ ಮೊದಲ ಸಾಲುಗಳಲ್ಲೇ ಹೆಂಡತಿಯ ಅಪ್ಪನ ಹೆಸರು, ಆಕೆ ಯಾರ ವಿಧವೆಯಾಗಿದ್ದಳು ಎಂಬುದೂ ಇರುತ್ತದೆ. ಮೈಸೂರು, ಬೆಂಗಳೂರು ಕಡೆ ಗಂಡನನ್ನು ಕಳೆದುಕೊಂಡ ಅಧಿಕಾರಿಗಳ ಹೆಂಡತಿಯರಿಗೆ ಡಿಸ್ಕವರಿ ಒಂದೇ ಸಾಲದು: ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ಪ್ರಾಂತ್ಯದ ಚರ್ಚ್ ರಿಜಿಸ್ಟರುಗಳಿರುವ ‘ಎನ್ 2’ ಸರಣಿಯಿಂದ ಆರಂಭಿಸಿ.