ಮೆಟಲ್ ಲೇತ್‌ನಲ್ಲಿ ಮೊದಲ ಪೆನ್: ಕಿಟ್, ಅಕ್ರಿಲಿಕ್, ಎಬೊನೈಟ್

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಇರುವುದು ಮೆಟಲ್ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಆದರೆ ಪೆನ್ ಮಾಡುವುದನ್ನು ಎಬೊನೈಟ್‌ನಿಂದಲೇ, ಅಂದರೆ ಗಟ್ಟಿ ರಬ್ಬರಿನಿಂದಲೇ, ಶುರು ಮಾಡಿ. ನಾನು ಹಾಗೆ ಮಾಡಲಿಲ್ಲ. ಮೊದಲು ಬಿಡಿಭಾಗಗಳ ಕಿಟ್ ತಗೊಂಡೆ, ಆಮೇಲೆ ಅಕ್ರಿಲಿಕ್ ಪ್ಲಾಸ್ಟಿಕ್, ಕೊನೆಗೆ ಎಬೊನೈಟ್. ಎಂಟು ತಿಂಗಳ ಭಾನುವಾರಗಳು ಇದಕ್ಕೇ ಹೋದವು. ಈಗ ನನ್ನ ಜೇಬಿನಲ್ಲಿ ಇರುವುದು ಎಬೊನೈಟ್ ಪೆನ್ನು.

ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ಚಿಕ್ಕ ಬೆಂಚ್ ಲೇತ್. ಮೈಸೂರಿನ ಕುವೆಂಪುನಗರದ ಮನೆಯಲ್ಲಿ, ಕಾರ್ ನಿಲ್ಲಿಸುವ ಜಾಗದ ಮೂಲೆಯಲ್ಲಿ ಕೂತಿದೆ. ತುಂಡನ್ನು ಹಿಡಿದು ತಿರುಗಿಸುವ ಮೂರು ಜಾ (ದವಡೆ) ಚಕ್, ಇನ್ನೊಂದು ತುದಿಗೆ ಆಧಾರ ಕೊಡುವ ಟೇಲ್ ಸ್ಟಾಕ್, ಒಂದಷ್ಟು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್. ಇದಕ್ಕಿಂತ ದೊಡ್ಡ ಆಸ್ತಿ ನನ್ನ ಸೋದರಮಾವ. ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಟರ್ನರ್ (ಲೇತ್ ಕೆಲಸಗಾರ) ಆಗಿದ್ದು ರಿಟೈರ್ ಆದವರು.

ಕಿಟ್ ಪೆನ್ ನೋಡಲು ತುಂಬಾ ಸುಲಭ. 350 ರೂಪಾಯಿಯ ಪೊಟ್ಟಣದಲ್ಲಿ ಎರಡು ಹಿತ್ತಾಳೆ ಟ್ಯೂಬ್, ಕ್ಲಿಪ್, ತುದಿ, ರೀಫಿಲ್ ಎಲ್ಲ ಇರುತ್ತದೆ. ಮರ ಮಾತ್ರ ನಮ್ಮದು. ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುವವರೊಬ್ಬರು ಉಳಿದ ತುಂಡುಗಳನ್ನು ಪ್ರೀತಿಯಿಂದ ಕೊಟ್ಟರು. 7 ಮಿ.ಮೀ. ತೂತು ಕೊರೆದು, ಟ್ಯೂಬ್ ಅಂಟಿಸಿ, ಮ್ಯಾಂಡ್ರೆಲ್ ಅನ್ನುವ ರಾಡ್‌ಗೆ ಪೋಣಿಸಿ, ಪಕ್ಕದ ಬುಷ್ (ಅಳತೆ ತೋರಿಸುವ ಬಳೆ) ಮಟ್ಟಕ್ಕೆ ಬರುವವರೆಗೆ ಕಡೆದರೆ ಮುಗಿಯಿತು. ಬೀಟೆಯಲ್ಲಿ ಎಣ್ಣೆಯ ಅಂಶ ಜಾಸ್ತಿ. ಅಂಟು ಹಾಕುವ ಮುಂಚೆ ತೂತನ್ನು ಅಸಿಟೋನ್‌ನಲ್ಲಿ ಒರೆಸದಿದ್ದರೆ ಟ್ಯೂಬ್ ಬಿಟ್ಟುಕೊಳ್ಳುತ್ತದೆ. ಲೇತ್‌ನ ಬೆಡ್ (ತಳದ ಹಳಿ) ಮೇಲೆ ಹಳೆ ಪೇಪರ್ ಹಾಸಿಕೊಳ್ಳಿ, ಮರದ ಪುಡಿ ಬೆಡ್‌ನ ಎಣ್ಣೆ ಹೀರಿಬಿಡುತ್ತದೆ.

ಇಷ್ಟೆಲ್ಲ ಸರಿ ಮಾಡಿದರೂ ಒಂದು ತೊಂದರೆ ನನ್ನನ್ನು ಎರಡು ತಿಂಗಳು ಕಾಡಿತು. ಜೋಡಿಸಿದ ಪೆನ್ನಿನ ಮೇಲೆ ಬೆರಳು ಆಡಿಸಿದರೆ, ಮರ ಮತ್ತು ಲೋಹದ ಬಳೆ ಸೇರುವ ಕಡೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಒಂದು ಪಕ್ಕದಲ್ಲಿ ಮರ ಎದ್ದಿದೆ. ಪೆನ್ ತಿರುಗಿಸಿದರೆ ಇನ್ನೊಂದು ಪಕ್ಕದಲ್ಲಿ ಮರ ತಗ್ಗಿದೆ. ಅಂದರೆ ದಪ್ಪ ತಪ್ಪಿಲ್ಲ, ನಡುವೇ ತಪ್ಪಿದೆ. ಮೂರು ಪೆನ್ ಮಾಡಿದೆ, ಮೂರರದ್ದೂ ಇದೇ ಕಥೆ.

ಟೂಲ್ ಮೊಂಡಾಗಿದೆ ಅಂದುಕೊಂಡು ಮಸೆದೆ. ಬುಷ್ ಸವೆದಿದೆ ಅಂದುಕೊಂಡು ಬದಲಾಯಿಸಿದೆ. ಕೊನೆಗೆ ಮಾವ ಓಲಾಟ ಅಳೆಯುವ ಡಯಲ್ ತಂದು ಇಟ್ಟರು. ಚಕ್ ಹತ್ತಿರವೇ ಮ್ಯಾಂಡ್ರೆಲ್ 0.08 ಮಿ.ಮೀ. ಔಟ್ ಇತ್ತು, ಅಂದರೆ ಅಷ್ಟು ನಡು ಬಿಟ್ಟು ತಿರುಗುತ್ತಿತ್ತು. ಮಧ್ಯಕ್ಕೆ ಬಂದರೆ 0.2. ಮೂರು ಜಾ ಚಕ್‌ನಲ್ಲಿ ಸ್ವಲ್ಪ ಔಟ್ ಇದ್ದೇ ಇರುತ್ತದೆ. ಮಧ್ಯದ್ದು ಮಾತ್ರ ನನ್ನ ಕೈಕೆಲಸ. ಮ್ಯಾಂಡ್ರೆಲ್ ಅಂದರೆ ಬೆರಳಿಗಿಂತ ಸಣ್ಣ ಉದ್ದನೆಯ ರಾಡ್. ಟೇಲ್ ಸ್ಟಾಕ್‌ನ ಸೆಂಟರ್ (ಚೂಪು ಮೊನೆ) ಒತ್ತಿ ಬಿಗಿ ಮಾಡಿದರೆ ಅದು ಬಿಲ್ಲಿನ ಹಾಗೆ ಬಾಗುತ್ತದೆ. ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ. ಬಾಗಿದ ರಾಡ್ ಮೇಲೆ ಕಡೆದ ಮರ ಹೊರಗಿನಿಂದ ದುಂಡಗೇ ಇರುತ್ತದೆ, ಆದರೆ ಒಳಗಿನ ಟ್ಯೂಬ್ ಪಕ್ಕಕ್ಕೆ ಸರಿದಿರುತ್ತದೆ.

ಬಿಗಿ ಸಡಿಲ ಮಾಡಿದೆ. ಮರ ಅದುರತೊಡಗಿತು. ಮ್ಯಾಂಡ್ರೆಲ್ ಬಿಟ್ಟು ಎರಡು ಸೆಂಟರ್ ನಡುವೆ ನೇರವಾಗಿ ಟ್ಯೂಬನ್ನೇ ಹಿಡಿದೆ. ಔಟ್ ಹೋಯಿತು, ಆದರೆ ಟೂಲ್ ಸ್ವಲ್ಪ ಜಾಸ್ತಿ ಕಚ್ಚಿದರೆ ತುಂಡು ಜಾರಿ ನಿಂತುಬಿಡುತ್ತಿತ್ತು. ಕೂದಲೆಳೆಯಷ್ಟು ತೆಗೆಯುತ್ತಾ ಹೋದರೆ ನಾಲ್ಕನೆಯ ಪೆನ್ ಸರಿ ಬಂತು. ಒಂದು ಪೆನ್ನಿಗೆ ಇಡೀ ಭಾನುವಾರ.

ಇನ್ನೊಂದು ವಿಷಯ. ಚನ್ನಪಟ್ಟಣದಲ್ಲಿ ಉಳಿಯನ್ನು ಕೈಯಲ್ಲೇ ಹಿಡಿದು ಬೇಕಾದ ಉಬ್ಬು ತಗ್ಗು ತೆಗೆಯುವುದನ್ನು ನೀವು ನೋಡಿರಬಹುದು. ಮೆಟಲ್ ಲೇತ್‌ನಲ್ಲಿ ಟೂಲನ್ನು ಹಿಡಿಯುವ ಟೂಲ್ ಪೋಸ್ಟ್ ಹಾಗಲ್ಲ, ನೇರ ಹೋಗುತ್ತದೆ ಅಥವಾ ಓರೆ ಹೋಗುತ್ತದೆ. ಕಿಟ್ ಪೆನ್ನಿನ ಉಬ್ಬು ಹೊಟ್ಟೆಗೆ ಮರದ ಲೇತೇ ಸರಿ.

ಅಕ್ರಿಲಿಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಣ್ಣಗಳು ಕಣ್ಣು ತುಂಬುವ ಹಾಗಿವೆ. ಆದರೆ ತೂತು ಕೊರೆಯುವಾಗ ಬಿಸಿಯಾಗಿ ಕರಗಿ ಡ್ರಿಲ್‌ಗೇ ಮೆತ್ತಿಕೊಳ್ಳುತ್ತದೆ. ಐದೈದು ಮಿ.ಮೀ.ಗೆ ಒಮ್ಮೆ ಹೊರಗೆಳೆದು ಸೋಪು ನೀರು ಬಿಡಬೇಕು. ಥ್ರೆಡ್‌ನ (ತಿರುಪಿನ ಸುತ್ತಿನ) ಅಂಚು ಚಿಟ್ಟೆಂದು ಸಿಡಿಯುತ್ತದೆ. ಕೈ ಪಳಗಿದ ಮೇಲೆ ಮಾಡಿ.

ಈಗ ಎಬೊನೈಟ್. ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ಕಾಯಿಸಿದರೆ ಬರುವ ಗಟ್ಟಿ ವಸ್ತು ಇದು. ರಾಜಮಂಡ್ರಿಯ ರತ್ನಂ ಪೆನ್ನುಗಳು 1930ರ ದಶಕದಿಂದ ಹೆಸರು ಮಾಡಿದ್ದು ಇದರಲ್ಲೇ. ಟೂಲ್ ಚೂಪಾಗಿದ್ದರೆ ಬೆಣ್ಣೆ ಕೊಯ್ದ ಹಾಗೆ ಕಡೆಯಬಹುದು, ಉದ್ದುದ್ದ ಸುರುಳಿಯಾಗಿ ಬರುತ್ತದೆ. ಆ ಸುರುಳಿ ಚಕ್‌ಗೆ ಸುತ್ತಿಕೊಂಡರೆ ಮಷಿನ್ ನಿಲ್ಲಿಸಿಯೇ ತೆಗೆಯಿರಿ. ಗಂಧಕದ ವಾಸನೆ ಬರುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ. ಕಪ್ಪು ಎಬೊನೈಟ್ ಬಿಸಿಲಲ್ಲಿ ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಕಿಟ್‌ನಲ್ಲಿ ಕಾಡಿದ ಔಟ್ ಇಲ್ಲೂ ಬಂತು. ಕ್ಯಾಪ್‌ನ ಒಳಗೆ ಕೊರೆದು ಥ್ರೆಡ್ ಹಾಕಿದೆ, ಬಿಚ್ಚಿ ತಿರುಗಿಸಿ ಹಿಡಿದೆ, ಹೊರಗೆ ಕಡೆದೆ. ಕ್ಯಾಪ್‌ನ ಬಾಯಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮಾವ ನೋಡಿ, "ಚಕ್‌ನ ಯಾಕೋ ಬೈತೀಯ? ಒಂದು ಹಿತ್ತಾಳೆ ರಾಡ್ ಹಿಡಿ, ಅದರ ಮೇಲೇ ಥ್ರೆಡ್ ಹಾಕು. ಆಮೇಲೆ ಅದನ್ನ ಬಿಚ್ಚಲೇಬೇಡ ಕಣೋ. ಅದಕ್ಕೇ ಕ್ಯಾಪ್ ತಿರುಗಿಸಿ ಕೂರಿಸು" ಅಂದರು.

ನನಗೆ ಲೇತ್ ಅರ್ಥವಾಗಿದ್ದು ಆವತ್ತು. ಚಕ್ ಎಷ್ಟೇ ಔಟ್ ಇರಲಿ, ಅದರಲ್ಲೇ ಹಿಡಿದು ಕಡೆದ ರಾಡ್ ಆ ಮಷಿನ್‌ನ ನಡುವಿಗೆ ಸರಿಯಾಗಿಯೇ ತಿರುಗುತ್ತದೆ. ಅದರ ಮೇಲೆ ಕೂತ ಕ್ಯಾಪ್ ಕೂಡ ಹಾಗೆಯೇ. ಡಯಲ್ ಮುಳ್ಳು ಅಲ್ಲಾಡಲೇ ಇಲ್ಲ. ಕಿಟ್‌ನಲ್ಲಿ ಯಾರೋ ಮಾಡಿಕೊಟ್ಟ ಮ್ಯಾಂಡ್ರೆಲ್ ನಂಬಬೇಕು. ಇಲ್ಲಿ ಬೇಕಾದ ಮ್ಯಾಂಡ್ರೆಲ್ಲನ್ನು ಅದೇ ಮಷಿನ್ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತದೆ. ಮೆಟಲ್ ಲೇತ್ ಇರುವುದೇ ಇದಕ್ಕೆ ಅಲ್ವಾ?

ಥ್ರೆಡ್ ಅಳತೆಯಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನಿಬ್ ಕೂರುವ ಹಿಡಿ ಬ್ಯಾರೆಲ್‌ಗೆ ಸೇರುವ ಕಡೆ ಎಂ10 (10 ಮಿ.ಮೀ. ದಪ್ಪದ ಥ್ರೆಡ್), ಪಿಚ್ (ಸುತ್ತುಗಳ ನಡುವಿನ ಅಂತರ) 1 ಮಿ.ಮೀ. ಹಾಕಿದೆ. ಕೆಲವು ಬೈಕ್‌ಗಳ ಸ್ಪಾರ್ಕ್ ಪ್ಲಗ್ಗಿಗೂ ಅದೇ ಥ್ರೆಡ್, ಹಾಗಾಗಿ ಒಳಗೆ ಥ್ರೆಡ್ ಕೊರೆಯುವ ಟ್ಯಾಪ್ ಸುಲಭವಾಗಿ ಸಿಕ್ಕಿತು. ಅದರ ಹೊರಗೇ ಕ್ಯಾಪ್‌ಗೆ ಎಂ12 ಹಾಕಿದೆ. ಎರಡರ ನಡುವೆ ಉಳಿದ ಗೋಡೆ ಅರ್ಧ ಮಿ.ಮೀ.ಗೂ ಕಡಿಮೆ. ಎರಡನೇ ದಿನ ಬಿರುಕು ಬಿಟ್ಟಿತು. ಈಗ ಕ್ಯಾಪ್‌ಗೆ ಎಂ14, ಪಿಚ್ 1. ಪೆನ್ ದಪ್ಪಗಾಯಿತು, ನನ್ನ ಕೈಗೆ ಅದೇ ಹಿತ. ಟ್ಯಾಪ್ ಹಾಕುವಾಗ ಮಷಿನ್ ಆಫ್ ಮಾಡಿ, ಟ್ಯಾಪ್‌ನ ಹಿಂಬದಿಗೆ ಟೇಲ್ ಸ್ಟಾಕ್ ಸೆಂಟರ್ ಕೊಟ್ಟು, ಚಕ್ಕನ್ನು ಕೈಯಲ್ಲೇ ತಿರುಗಿಸಿ.

ಈ ಥ್ರೆಡ್‌ಗೆ ಕ್ಯಾಪ್ ತೆಗೆಯಲು ಆರು ಸುತ್ತು ಬೇಕು. ಮೂರು ಸ್ಟಾರ್ಟ್ (ಒಟ್ಟೊಟ್ಟಿಗೆ ಸಾಗುವ ಮೂರು ಥ್ರೆಡ್) ಇರುವ ಟ್ಯಾಪ್ ತಂದರೆ ಎರಡು ಎರಡೂವರೆ ಸುತ್ತಿಗೆ ಬರುತ್ತದೆ, ಆದರೆ ಅದರ ಬೆಲೆಗೆ ನನಗೆ ಇನ್ನೂ ಐದಾರು ಪೆನ್ನಿನ ರಾಡ್ ಬರುತ್ತದೆ. ನಾನು ರಾತ್ರಿ ಊಟ ಆದ ಮೇಲೆ ಕೂತು ಡೈರಿ ಬರೆಯುವವನು. ಒಮ್ಮೆ ಕ್ಯಾಪ್ ತೆಗೆದರೆ ಅರ್ಧ ಗಂಟೆ ಮುಚ್ಚುವುದಿಲ್ಲ. ಆಫೀಸಲ್ಲಿ ಘಳಿಗೆಗೊಮ್ಮೆ ಸಹಿ ಹಾಕುವವರಿಗೆ ಇದು ಕಿರಿಕಿರಿ ಆಗುತ್ತದೆ.

ನಿಬ್‌ಗೂ ಹಾಗೆಯೇ. ಜರ್ಮನಿಯ ಜೋವೊ 6ನೇ ನಂಬರ್ ನಿಬ್ ಯೂನಿಟ್‌ಗೆ 7.4 ಮಿ.ಮೀ., 0.5 ಪಿಚ್‌ನ ಟ್ಯಾಪ್ ಬೇಕು. ಅದು ಸಾಮಾನ್ಯ ಟೂಲ್ಸ್ ಅಂಗಡಿಯ ಸರಕಲ್ಲ. ನಮ್ಮ ಹಳೆಯ ಕಾರಿಗರ ದಾರಿ ಹಿಡಿದೆ. ನಿಬ್ಬನ್ನೂ ಅದಕ್ಕೆ ಇಂಕು ಹರಿಸುವ ಫೀಡನ್ನೂ ಒಟ್ಟಿಗೆ ಹಿಡಿದು, ಅಳತೆಗೆ ಕೊರೆದ ತೂತಿಗೆ ಬಿಗಿಯಾಗಿ ತಳ್ಳುವುದು. ತೂತು ಒಂಚೂರು ಸಡಿಲವಾದರೂ ಇಂಕು ಸೋರುತ್ತದೆ. ಮೊದಲು ಚೂರು ರಾಡ್‌ನಲ್ಲಿ ಕೊರೆದು ನೋಡಿ. ಇಂಕನ್ನು ನೇರ ಬ್ಯಾರೆಲ್‌ಗೇ ತುಂಬಿಸಿ, ಥ್ರೆಡ್‌ಗೆ ಸಿಲಿಕೋನ್ ಗ್ರೀಸ್ ಸವರಿದರೆ ಸಾಕು.

ಪಾಲಿಶ್‌ಗೆ 400ರಿಂದ 2000ದವರೆಗೆ ನೀರು ಹಾಕಿ ಎಮರಿ ಪೇಪರ್, ಕೊನೆಗೆ ಹತ್ತಿ ಬಟ್ಟೆಯಲ್ಲಿ ಮೆಟಲ್ ಪಾಲಿಶ್.

ಖರ್ಚು ಹೇಳಬೇಕೆಂದರೆ, ಕಿಟ್‌ಗೆ ಪ್ರತಿ ಪೆನ್ನಿಗೂ ದುಡ್ಡು ಕೊಡಬೇಕು. ಎಬೊನೈಟ್‌ಗೆ ಟ್ಯಾಪ್ ಮತ್ತು ಡೈ (ಹೊರಗಿನ ಥ್ರೆಡ್ ಹಾಕುವುದು) ಒಂದು ಸಲ ತಂದರೆ ಆಯಿತು, ಆಮೇಲೆ ರಾಡ್ ಮತ್ತು ನಿಬ್ ಅಷ್ಟೇ. ಮರದ ಮೇಲೆ ಪ್ರೀತಿ ಇದ್ದು, ಬಾಲ್ ಪೆನ್ ಸಾಕು ಅನ್ನುವವರು ಚಿಕ್ಕ ಮರದ ಲೇತ್ ತಗೊಂಡು ಕಿಟ್ ಮಾಡಿ. ಮೆಟಲ್ ಲೇತ್ ಮೇಲೆ ಕಿಟ್ ಪೆನ್ ನಾನು ಮತ್ತೆ ಮಾಡುವುದಿಲ್ಲ.

ಆ ಹಿತ್ತಾಳೆ ರಾಡ್ ಇನ್ನೂ ಚಕ್‌ನಲ್ಲೇ ಇದೆ. ಅಕ್ಕನಿಗೊಂದು ಪೆನ್ ಬೇಕಂತೆ. ಅದರ ಕ್ಯಾಪ್ ಮುಗಿಯುವವರೆಗೆ ಬಿಚ್ಚುವುದಿಲ್ಲ.