ಐಸ್‌ಕ್ರೀಂ ಮೆಷಿನ್ ಅಟ್ಟ ಸೇರಿತು, ಸ್ಟೀಲ್ ಲೋಟ ಗೆದ್ದಿತು

ಹಾಸನವನ್ನು ಬಡವರ ಊಟಿ ಅಂತ ಕರೆಯುತ್ತಾರೆ. ಹಾಗೆ ಕರೆಯುವವರು ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆ ತಾರಸಿ ಕೆಳಗಿನ ರೂಮಿನಲ್ಲಿ ಮಲಗಿ ನೋಡಬೇಕು.

ರಜೆ ಬಂತು ಅಂದರೆ ಬೆಂಗಳೂರಿನಿಂದ ಅಕ್ಕನ ಇಬ್ಬರು ಮಕ್ಕಳು ಬರುತ್ತಾರೆ. ಅವರ ಬೆನ್ನಿಗೆ ಬೀದಿ ಮಕ್ಕಳೆಲ್ಲ ಬರುತ್ತಾರೆ. ಸಂಜೆ ನಾಲ್ಕಕ್ಕೆ ಎಣಿಸಿದರೆ ಕಡಿಮೆ ಅಂದರೂ ಹದಿನಾಲ್ಕು ತಲೆ. ಎಲ್ಲರದ್ದೂ ಒಂದೇ ರಾಗ, "ಮಾಮ, ಐಸ್‌ಕ್ರೀಂ." ದಿನಾ ಹದಿನಾಲ್ಕು ಕೋನ್ ಕೊಡಿಸಲು ನಾನೇನು ತೋಟದ ಸಾಹುಕಾರನಲ್ಲ, ಇರುವುದು ಒಂದು ಜೆರಾಕ್ಸ್ ಅಂಗಡಿ. ಹಾಗಾಗಿ ಮನೆಯಲ್ಲೇ ಮಾಡೋಣ ಅಂತ ಹೊರಟೆ. ಎರಡು ಬೇಸಿಗೆಯಲ್ಲಿ ನಾಲ್ಕೈದು ದಾರಿ ಹಿಡಿದು ನೋಡಿದ್ದೇನೆ. ಕರೆಂಟಿನ ಮೆಷಿನ್, ಕೈಯಲ್ಲಿ ತಿರುಗಿಸುವ ಮರದ ಬಕೆಟ್ಟು, ಕ್ರೀಮ್ ಬೀಟ್ ಮಾಡುವುದು, ಅಮ್ಮನ ರಸಾಯನ, ಕೊನೆಗೆ ಲೋಟದ ಕುಲ್ಫಿ. ಗೆದ್ದದ್ದು ಲೋಟದ ಕುಲ್ಫಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೆಷಿನ್ ಮೇಲೆ ನನಗಿರುವ ಸಿಟ್ಟು ಹೇಗಿದ್ದರೂ ಗೊತ್ತಾಗಿಯೇ ಆಗುತ್ತದೆ.

ಆ ಮೆಷಿನ್ನಿಗೆ ಕೊಟ್ಟದ್ದು 4,200 ರೂಪಾಯಿ. ಆನ್‌ಲೈನ್‌ನಲ್ಲಿ ತರಿಸಿದೆ. ವಿಡಿಯೋದಲ್ಲಿ ಒಬ್ಬ ಹೆಂಗಸು ಹಾಲು ಸುರಿಯುತ್ತಾಳೆ, ಬಟನ್ ಒತ್ತುತ್ತಾಳೆ, ಅರ್ಧ ಗಂಟೆಯಲ್ಲಿ ಐಸ್‌ಕ್ರೀಂ ತೆಗೆಯುತ್ತಾಳೆ. ಸುಳ್ಳಲ್ಲ. ಆದರೆ ಹಿಂದಿನ ದಿನ ಅವಳು ಏನು ಮಾಡಿದ್ದಳು ಅನ್ನುವುದನ್ನು ತೋರಿಸಿಲ್ಲ, ಅಷ್ಟೇ.

ಈ ಅಗ್ಗದ ಮೆಷಿನ್ನುಗಳಲ್ಲಿ ತಣ್ಣಗೆ ಮಾಡುವ ಯಂತ್ರ ಅಂತ ಏನೂ ಇರುವುದಿಲ್ಲ. ಇರುವುದು ತಿರುಗುವ ಒಂದು ಮೋಟಾರು ಮತ್ತು ಎರಡು ಗೋಡೆಯ ಒಂದು ಬೌಲು. ಗೋಡೆಗಳ ನಡುವೆ ಒಂದು ದ್ರಾವಣ ತುಂಬಿರುತ್ತದೆ. ಆ ಬೌಲನ್ನು ಫ್ರೀಜರ್‌ನಲ್ಲಿ ಇಟ್ಟು, ಒಳಗಿನ ದ್ರಾವಣ ಕಲ್ಲಾಗಬೇಕು. ಪುಸ್ತಕದಲ್ಲಿ ಬರೆದಿದ್ದದ್ದು ಮೈನಸ್ 18 ಡಿಗ್ರಿಯಲ್ಲಿ 24 ಗಂಟೆ. ಆಮೇಲೆ ಅದೇ ಬೌಲಿನ ತಣ್ಣನೆಯಲ್ಲಿ ಹಾಲು ಗಟ್ಟಿಯಾಗುತ್ತದೆ.

ನಮ್ಮದು 190 ಲೀಟರಿನ ಒಂಟಿ ಬಾಗಿಲಿನ ಫ್ರಿಜ್. ಮೇಲೆ ಫ್ರೀಜರ್ ಅಂತ ಒಂದು ಗೂಡು. ಬೌಲಿನ ಎತ್ತರ 17 ಸೆಂಟಿಮೀಟರ್. ಗೂಡಿನ ಎತ್ತರ 15. ಅದರಲ್ಲೂ ಐಸ್ ಕಟ್ಟಿಕೊಂಡು 14. ಅಡ್ಡ ಮಲಗಿಸೋಣ ಅಂದರೆ ಬೌಲಿನ ಅಗಲ 19. ಐಸೆಲ್ಲ ಕರಗಿಸಿ, ಗೂಡಿನ ಬಾಗಿಲು ಬಿಚ್ಚಿ, ಓರೆಯಾಗಿ ತುರುಕಿ ನೋಡಿದೆ. ನಮ್ಮನೆಯವಳು ಹಿಂದೆ ನಿಂತು, "ಫ್ರಿಜ್ಜನ್ನೇ ಒಡೆದುಬಿಡಿ, ಒಳಗೆ ಹೋಗುತ್ತೆ" ಅಂದಳು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ ತುಂಬ ವಿನಯದಿಂದ, "ಸರ್, ಡಬಲ್ ಡೋರ್ ಇರಬೇಕಿತ್ತು" ಅಂದ. ವಾಪಸ್ ಮಾಡೋಣ ಅಂದರೆ ಏಳು ದಿನದ ಗಡುವು ಹಿಂದಿನ ದಿನವೇ ಮುಗಿದಿತ್ತು. ಮಕ್ಕಳು ಬಂದ ಮೇಲೆ ಅವರ ಎದುರೇ ಡಬ್ಬಿ ಒಡೆಯಬೇಕು ಅಂತ ಆಸೆಪಟ್ಟಿದ್ದೆನಲ್ಲ, ಅದರ ಫಲ.

ಎದುರುಮನೆ ಆಂಟಿಯ ಮನೆಯಲ್ಲಿ ಡಬಲ್ ಡೋರ್ ಇದೆ. ಬೌಲನ್ನು ಸೆರಗಿನಲ್ಲಿ ಮಗು ಎತ್ತಿಕೊಂಡ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಪಾಪ, ಅವರು ಬೇಡ ಅನ್ನಲಿಲ್ಲ. ಮಾರನೇ ದಿನ ತಂದು ಮಾಡಿದ ಮೊದಲ ವೆನಿಲಾ ಐಸ್‌ಕ್ರೀಮಿನಲ್ಲಿ ಬಂಗುಡೆ ಮೀನಿನ ವಾಸನೆ. ನಾವೂ ಮೀನು ತಿನ್ನುವವರೇ, ಆದರೆ ವೆನಿಲಾ ಜೊತೆ ಅಲ್ಲ. ಅಕ್ಕನ ಮಗಳು ಒಂದು ಚಮಚ ಬಾಯಿಗಿಟ್ಟು, "ಮಾಮ, ಇದು ಯಾವ ಫ್ಲೇವರ್?" ಅಂತ ಕೇಳಿದಳು. ಎರಡನೇ ಸಲ ಬೌಲಿಗೆ ಎರಡು ಪ್ಲಾಸ್ಟಿಕ್ ಕವರ್ ಕಟ್ಟಿ ಇಟ್ಟೆ. ವಾಸನೆ ಹೋಯಿತು. ಆ ಸಲ ಕರೆಂಟು ಹೋಯಿತು.

ಬೇಸಿಗೆ ಅಂದರೆ ನಮ್ಮ ಕಡೆ ಬರೀ ಬಿಸಿಲಲ್ಲವಲ್ಲ. ಮಧ್ಯಾಹ್ನ ಉರಿ, ಸಂಜೆ ಗುಡುಗು. ಅವತ್ತು ಭರಣಿ ಮಳೆ ಗಾಳಿ ಸಮೇತ ಬಂತು. ಮೆಷಿನ್ ಶುರು ಮಾಡಿ ಎಂಟು ನಿಮಿಷವಾಗಿತ್ತು, ಪಟ್ ಅಂತ ಕತ್ತಲೆ. ಈ ಮೆಷಿನ್ನಿನ ಗುಟ್ಟೇ ತಿರುಗುತ್ತಿರುವುದು. ಅಲಗು ತಿರುಗುತ್ತಾ ಗೋಡೆಗೆ ಕಟ್ಟಿಕೊಂಡ ಐಸನ್ನು ಕೆರೆದು ಹಾಲಿಗೆ ಬೆರೆಸುತ್ತಿರಬೇಕು. ಆಗ ಐಸಿನ ಹರಳು ದೊಡ್ಡದಾಗದೆ ನುಣ್ಣಗೆ ಬರುತ್ತದೆ, ಸ್ವಲ್ಪ ಗಾಳಿಯೂ ಸೇರಿ ಹಗುರಾಗುತ್ತದೆ. ನಿಂತರೆ ಕಥೆ ಮುಗಿಯಿತು. ಹಾಲು ಗೋಡೆಗೆ ಹೆಪ್ಪುಗಟ್ಟಿ, ಅಲಗು ಅದರಲ್ಲಿ ಸಿಕ್ಕಿಕೊಂಡಿತು. ನಡುವೆ ಇನ್ನೂ ತೆಳ್ಳನೆ ಹಾಲು. ಇಪ್ಪತ್ತು ನಿಮಿಷದ ಮೇಲೆ ಕರೆಂಟು ಬಂದಾಗ ಮೋಟಾರು 'ಊಂ' ಅಂತ ಮೊರೆಯಿತೇ ಹೊರತು ಅಲ್ಲಾಡಲಿಲ್ಲ. ಬೌಲು ಮತ್ತೆ ಎದುರುಮನೆಗೆ, ಮತ್ತೆ 24 ಗಂಟೆ.

ಎಲ್ಲ ಸರಿಯಾದ ದಿನವೂ ಒಂದಿತ್ತು. ಬಂದದ್ದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಎಷ್ಟು? ಡಬ್ಬಿ ಮೇಲೆ ಒಂದೂವರೆ ಲೀಟರ್ ಅಂತ ಇದೆ. ಗಟ್ಟಿಯಾಗುತ್ತಾ ಉಬ್ಬುವುದರಿಂದ ಮುಕ್ಕಾಲು ಲೀಟರಿಗಿಂತ ಜಾಸ್ತಿ ಹಾಲು ಹಾಕಿದರೆ ಮೇಲಿಂದ ಉಕ್ಕುತ್ತದೆ. ಹದಿನಾಲ್ಕು ಮಕ್ಕಳಿಗೆ ತಲಾ ಎರಡು ಚಮಚ. ಇನ್ನೊಂದು ಸುತ್ತು ಬೇಕು ಅಂದರೆ ನಾಳೆ ಬಾ. ಇಬ್ಬರೇ ಇರುವ ಮನೆ, ದೊಡ್ಡ ಫ್ರಿಜ್ಜು, ಯುಪಿಎಸ್ ಇದ್ದವರಿಗೆ ಇದು ಆಗಬಹುದು. ಹಂಚಿ ತಿನ್ನುವವರಿಗಲ್ಲ.

ಮರದ ಬಕೆಟ್ಟಿನ ಕಥೆ ಬೇರೆ. ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ಮನೆ ಅಟ್ಟದಲ್ಲಿ ಅಂಥದ್ದೊಂದು ಇತ್ತು. ಅವರಪ್ಪನ ಕಾಲದಲ್ಲಿ ಎಸ್ಟೇಟಿನ ಹರಾಜಿನಲ್ಲಿ ತಂದದ್ದಂತೆ. ನಡುವೆ ತಗಡಿನ ಡಬ್ಬ, ಸುತ್ತ ಐಸು ಮತ್ತು ಕಲ್ಲುಪ್ಪು, ಮೇಲೆ ಹಿಡಿಕೆ. 1843ರಲ್ಲಿ ಅಮೆರಿಕದಲ್ಲಿ ನ್ಯಾನ್ಸಿ ಜಾನ್ಸನ್ ಅನ್ನುವ ಹೆಣ್ಣುಮಗಳು ಪೇಟೆಂಟ್ ಪಡೆದ ಉಪಾಯ, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ನಾಲ್ಕೈದು ಪಾಲು ಐಸಿಗೆ ಒಂದು ಪಾಲು ಉಪ್ಪು. ಉಪ್ಪು ಬಿದ್ದರೆ ಐಸು ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಡಬ್ಬದೊಳಗಿನ ಹಾಲಿನಿಂದ ಎಳೆದುಕೊಳ್ಳುತ್ತದೆ. ಕರೆಂಟು ಬೇಡ, ಫ್ರೀಜರ್ ಬೇಡ, ಮಕ್ಕಳ ತೋಳು ಸಾಕು. ಇಪ್ಪತ್ತು ಇಪ್ಪತ್ತು ಸುತ್ತು ಅಂತ ಸರದಿ ಹಚ್ಚಿದರೆ ಜಗಳವಾಡಿಕೊಂಡು ತಿರುಗಿಸುತ್ತಾರೆ.

ರುಚಿಯಲ್ಲಿ, ನುಣುಪಿನಲ್ಲಿ ಇದಕ್ಕೇ ಮೊದಲ ಸ್ಥಾನ. ಕುಲ್ಫಿಗಿಂತಲೂ ಮೇಲೆ, ಒಪ್ಪುತ್ತೇನೆ. ತೊಂದರೆ ಐಸಿನದ್ದು. ಎಂಟು ಕೆಜಿ ಐಸು ಎಲ್ಲಿಂದ ತರುವುದು? ಮೀನು ಅಂಗಡಿಯವರು ಕೊಡುತ್ತೇನೆ ಅಂದರು. ಬಂಗುಡೆ ಅನುಭವ ಆಗಿದ್ದರಿಂದ ನಮಸ್ಕಾರ ಹಾಕಿ, ಜ್ಯೂಸ್ ಅಂಗಡಿಗೆ ಐಸು ಹಾಕುವವನ ಹತ್ತಿರ ಹೇಳಿ ತರಿಸಿದೆ. ಮುಚ್ಚಳ ಸರಿಯಾಗಿ ಕೂರದೆ ಒಂದು ಸಲ ಉಪ್ಪುನೀರು ಒಳಗೆ ಇಳಿಯಿತು. ಉಳಿದ ಉಪ್ಪುನೀರನ್ನು ಹಿತ್ತಲಲ್ಲಿ ಚೆಲ್ಲಿದ್ದಕ್ಕೆ ಅಮ್ಮನ ಕನಕಾಂಬರ ಗಿಡ ಒಣಗಿತು. ಅಮ್ಮ ಇವತ್ತಿಗೂ ಅದನ್ನು ಎತ್ತಾಡುತ್ತಾರೆ. ವರ್ಷಕ್ಕೊಂದು ಸಲ ಹಬ್ಬದ ಹಾಗೆ ಮಾಡಲು ಸರಿ, ದಿನದ ಮಾತಲ್ಲ. ಬಕೆಟ್ಟು ಚಿಕ್ಕಪ್ಪನ ಮನೆಗೆ ವಾಪಸ್ ಹೋಯಿತು.

ಕ್ರೀಮ್ ಬೀಟ್ ಮಾಡಿ, ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ಫ್ರೀಜರಿಗೆ ಇಡುವುದು ಎಲ್ಲಕ್ಕಿಂತ ಸುಲಭ ಅನ್ನುತ್ತಾರೆ. ಅಂಗಡಿಯಲ್ಲಿ ಸಿಕ್ಕ ಫ್ರೆಶ್ ಕ್ರೀಮ್ ತಂದು ಅರ್ಧ ಗಂಟೆ ಬೀಟ್ ಮಾಡಿದೆ, ಅದು ಹಾಲಿನ ಹಾಗೇ ಕೂತಿತ್ತು. ಆಮೇಲೆ ಡಬ್ಬಿ ತಿರುಗಿಸಿ ನೋಡಿದರೆ ಕೊಬ್ಬು ಶೇ. 25. ಉಬ್ಬಿ ನಿಲ್ಲಬೇಕಾದರೆ ಶೇ. 30ಕ್ಕಿಂತ ಮೇಲೆ, 35 ಇದ್ದರೆ ಒಳ್ಳೆಯದು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ವಿಪ್ಪಿಂಗ್ ಕ್ರೀಮ್ ಉಬ್ಬುತ್ತದೆ. ಆದರೆ ನಾನು ತಂದದ್ದು ಹಾಲಿನದ್ದಲ್ಲ, ಎಣ್ಣೆಯದ್ದು. ತಿಂದ ಮೇಲೆ ಅಂಗುಳಿಗೆ ಮೇಣ ಮೆತ್ತಿದ ಹಾಗೆ ಆಗುತ್ತದೆ. ಹಾಲಿಗೆ ಬರವಿಲ್ಲದ ಹಾಸನದಲ್ಲಿ ಕೂತು ಎಣ್ಣೆ ಐಸ್‌ಕ್ರೀಂ ಯಾಕೆ ತಿನ್ನಬೇಕು?

ಕಸ್ಟರ್ಡ್ ಪುಡಿಯ ಫ್ರೂಟ್ ಸಲಾಡ್: ಮದುವೆ ಊಟದಲ್ಲಿ ತಿಂದು ಸಾಕಾಗಿದೆ.

ಅಮ್ಮನ ರಸಾಯನಕ್ಕೆ ಈ ಯಾವ ತಾಪತ್ರಯವೂ ಇಲ್ಲ. ಏಲಕ್ಕಿ ಬಾಳೆ, ಅರಸೀಕೆರೆ ಕಡೆಯ ತೆಂಗಿನಕಾಯಿಯ ಹಾಲು, ಬೆಲ್ಲ, ಏಲಕ್ಕಿ. ಹತ್ತು ನಿಮಿಷದಲ್ಲಿ ತಯಾರು, ಒಲೆ ಕೂಡ ಹಚ್ಚಬೇಕಿಲ್ಲ. ನಾನು ಎರಡು ಬಟ್ಟಲು ತಿನ್ನುತ್ತೇನೆ. ಆದರೆ ಮಾಡಿದ ತಕ್ಷಣ ತಿನ್ನಬೇಕು, ಒಂದೆರಡು ಗಂಟೆ ಬಿಟ್ಟರೆ ಬಾಳೆಹಣ್ಣು ಕಪ್ಪಾಗುತ್ತದೆ. ಮೇಲಾಗಿ ಮಕ್ಕಳು "ಇದು ರಾಮನವಮಿ ಐಟಂ" ಅಂತ ಮೂಗು ಮುರಿದವು. ರಾಗಿ ಹಾಲುಬಾಯಿಯನ್ನೂ ಅಮ್ಮ ಸ್ಪರ್ಧೆಗೆ ಇಳಿಸಿದ್ದರು. ಅದನ್ನು ಬೀದಿಯ ದೊಡ್ಡವರು ಖಾಲಿ ಮಾಡಿದರು, ಮಕ್ಕಳು ಮುಟ್ಟಲಿಲ್ಲ.

ಈಗ ಲೋಟದ ಕುಲ್ಫಿಗೆ ಬರೋಣ. ಎರಡು ಲೀಟರ್ ಹಾಲು. ಬೀದಿ ಕೊನೆಯ ಮನೆಯಲ್ಲಿ ಎಮ್ಮೆ ಹಾಲು ಸಿಕ್ಕಿದರೆ ಅದು, ಇಲ್ಲವಾದರೆ ಶೇ. 6 ಕೊಬ್ಬಿರುವ ನಂದಿನಿ ಸಮೃದ್ಧಿ. ದಪ್ಪ ತಳದ ಪಾತ್ರೆಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯುವ ತನಕ ಕುದಿಸಬೇಕು. ಒಂದು ಗಂಟೆ ಹಿಡಿಯುತ್ತದೆ. ಈ ಒಂದು ಗಂಟೆ ಒಲೆ ಮುಂದೆ ನಿಲ್ಲುವುದೇ ಇದರ ದೊಡ್ಡ ಕಷ್ಟ. ನಾನು ಬೆಳಗ್ಗೆ ಐದೂವರೆಗೆ ಎದ್ದು, ಅಂಗಡಿ ತೆರೆಯುವ ಮುಂಚೆ ತಂಪಿನಲ್ಲಿ ಮಾಡಿಬಿಡುತ್ತೇನೆ. ಪಕ್ಕಕ್ಕೆ ಕಟ್ಟುವ ಕೆನೆಯನ್ನು ಕೆರೆದು ಕೆರೆದು ಒಳಗೆ ಹಾಕಬೇಕು, ರುಚಿ ಇರುವುದೇ ಅದರಲ್ಲಿ. ಒಂದು ಸಲ ಫೋನಿನಲ್ಲಿ ಮಾತಾಡುತ್ತಾ ಮರೆತೆ, ತಳ ಹತ್ತಿತು. ಸೀದ ಹಾಲನ್ನು ಏನು ಮಾಡಿದರೂ ಸರಿಪಡಿಸಲು ಆಗುವುದಿಲ್ಲ.

ಕೊನೆಗೆ 150 ಗ್ರಾಂ ಸಕ್ಕರೆ, ಎಂಟು ಏಲಕ್ಕಿ, ತರಿತರಿ ಗೋಡಂಬಿ. ತಣ್ಣಗಿದ್ದಾಗ ಸಿಹಿ ಕಡಿಮೆ ಅನ್ನಿಸುತ್ತದೆ ಅಂತ ಸಕ್ಕರೆ ಸುರಿಯಬೇಡಿ. ಜಾಸ್ತಿಯಾದರೆ ಕುಲ್ಫಿ ಗಟ್ಟಿಯೇ ಆಗುವುದಿಲ್ಲ. ಬೆಲ್ಲ ಹಾಕುವುದಾದರೆ ಹಾಲು ಪೂರ್ತಿ ಆರಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಒಡೆಯುತ್ತದೆ. ಒಡೆದ ಹಾಲನ್ನು ನಾನು ಪಾಲಕೋವ ಅಂತ ಹೇಳಿ ಹಂಚಿದ್ದೂ ಇದೆ. ಹಸಿ ಅನಾನಸ್ ಹಾಕಿದರೆ ಕಹಿ.

ದೊಡ್ಡವರಿಗೆ ಬೇರೆ ನಾಲ್ಕು ಲೋಟ ಮಾಡುತ್ತೇನೆ. ಗಟ್ಟಿ ಡಿಕಾಕ್ಷನ್ ಎರಡೆರಡು ಚಮಚ. ಚಿಕೋರಿ ಇಲ್ಲದ ಪುಡಿ ಆಗಬೇಕು, ಇಲ್ಲದಿದ್ದರೆ ಕಹಿಯೊಂದೇ ನಾಲಿಗೆಯಲ್ಲಿ ಉಳಿಯುತ್ತದೆ. ಕಾಫಿ ಸೀಮೆಯಲ್ಲಿ ಹುಟ್ಟಿ ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲವಲ್ಲ ಅಂತ ಬೇಜಾರು.

ಅಚ್ಚಿಗೆ ಏನೂ ಕೊಳ್ಳಬೇಡಿ. ಅಲ್ಯೂಮಿನಿಯಂ ಕೋನಿನ ಅಚ್ಚು ಆರು ತಂದಿದ್ದೆ, ನಮ್ಮ ಗೂಡಿನಲ್ಲಿ ಅವು ನೆಟ್ಟಗೆ ನಿಲ್ಲುವುದಿಲ್ಲ. ಮಣ್ಣಿನ ಕುಡಿಕೆ ನೋಡಲು ಚೆಂದ, ಆದರೆ ಹದಿನಾಲ್ಕು ಮಕ್ಕಳ ಕೈಯಲ್ಲಿ ಎಷ್ಟು ದಿನ ಉಳಿದೀತು? ಮನೆಯಲ್ಲಿರುವ ಕಾಫಿ ಲೋಟಗಳಲ್ಲೇ ಚಿಕ್ಕವು ಸಾಕು. ಮುಕ್ಕಾಲು ತುಂಬಿಸಿ, ಮೇಲೆ ಫಾಯಿಲ್ ಮುಚ್ಚಿ, ಫಾಯಿಲ್ ತೂತು ಮಾಡಿ ಕಡ್ಡಿ ಚುಚ್ಚಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಲೋಟದ ಎತ್ತರ ಎಂಟು ಸೆಂಟಿಮೀಟರ್, ಕಡ್ಡಿ ಸೇರಿ ಹನ್ನೆರಡು. ಗೂಡಿನೊಳಗೆ ಹದಿನಾಲ್ಕೂ ಕೂರುತ್ತವೆ. ಈ ಹದಿನಾಲ್ಕು ಕೂತಾಗ ನನಗಾದ ಸಂತೋಷ ಮೆಷಿನ್ ಬಂದ ದಿನವೂ ಆಗಿರಲಿಲ್ಲ. ಎಂಟು ಗಂಟೆ ಬಿಟ್ಟು ತೆಗೆದು, ಲೋಟವನ್ನು ಎರಡು ಅಂಗೈ ನಡುವೆ ಉರುಳಿಸಿದರೆ ಕುಲ್ಫಿ ಜಾರಿ ಬರುತ್ತದೆ.

ಇದನ್ನು ತಿರುವಬೇಕಿಲ್ಲ. ನೀರಿನಂಶ ಆಗಲೇ ಕುದಿದು ಹೋಗಿರುವುದರಿಂದ ದೊಡ್ಡ ಹರಳು ಕಟ್ಟಲು ಒಳಗೆ ನೀರೇ ಕಡಿಮೆ. ಕರೆಂಟು ಎರಡು ಮೂರು ಗಂಟೆ ಹೋದರೂ, ಫ್ರಿಜ್ ಬಾಗಿಲು ತೆಗೆಯದಿದ್ದರೆ ಮೇಲೆ ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೇ. ಪೂರ್ತಿ ಕರಗಿ ಮತ್ತೆ ಗಟ್ಟಿಯಾದರೆ ಮಾತ್ರ ಮರಳುಮರಳು. ಪಾರ್ಕಿಗೆ ಒಯ್ಯಲು ಚಪಾತಿ ಇಡುವ ಹಾಟ್‌ಬಾಕ್ಸ್. ಬಿಸಿ ಕಾಯುವ ಡಬ್ಬ ತಣ್ಣಗೂ ಕಾಯುತ್ತದೆ, ಮುಕ್ಕಾಲು ಗಂಟೆ ಧೈರ್ಯವಾಗಿ ನಂಬಬಹುದು. ಎಲ್ಲರಿಗೂ ಅವರವರ ಕಡ್ಡಿ ಸಿಗುವುದರಿಂದ "ಅವನಿಗೆ ಜಾಸ್ತಿ" ಅನ್ನುವ ಗಲಾಟೆಯೂ ಇಲ್ಲ. ಖರ್ಚು ಒಂದು ಸಲಕ್ಕೆ ಇನ್ನೂರು ರೂಪಾಯಿ ಒಳಗೆ. ನಾನು ಬೆಳಗ್ಗೆ ಬೇಗ ಏಳುವವನು, ನನಗೆ ಇದು ಹೊಂದುತ್ತದೆ. ಎಂಟಕ್ಕೆ ಏಳುವವರು ಒಲೆ ಮುಂದೆ ಒಂದು ಗಂಟೆ ಹೇಗೆ ನಿಲ್ಲುತ್ತಾರೋ ಅವರೇ ಯೋಚಿಸಲಿ.

ಮೆಷಿನ್ನಿನ ಮೋಟಾರು ಅಟ್ಟದ ಮೇಲಿದೆ, ಬೇಕಾದವರು ಒಯ್ಯಬಹುದು. ಬೌಲನ್ನು ಮಾತ್ರ ಅಮ್ಮ ಕೊಡುವುದಿಲ್ಲ. ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟು, ಬೆಳಗ್ಗೆ ಅದಕ್ಕೆ ಮಜ್ಜಿಗೆ ಸುರಿದರೆ ಮಧ್ಯಾಹ್ನದ ಊಟದವರೆಗೂ ತಣ್ಣಗಿರುತ್ತದಂತೆ.