ವರದಿಯ ಕೊನೆಯ ಪುಟ ಓದದೆ ಮುಂಗಡ ಕೊಡಬೇಡಿ

ಮನೆ ಕೊಂಡವರು ತಪಾಸಣೆ ಮಾಡಿಸಿದ್ದರು. ವರದಿಯೂ ಕೈಯಲ್ಲಿತ್ತು. ಆದರೂ ವಾಸಕ್ಕೆ ಬಂದ ಮೊದಲ ಮಳೆಗಾಲಕ್ಕೇ ಮಲಗುವ ಕೋಣೆಯ ಗೋಡೆ ನೆಲದಿಂದ ಮೂರಡಿಯವರೆಗೆ ತೇವ ಹಿಡಿದು ಬಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿತು. ಮೇಲಿನ ಬಚ್ಚಲಿನಿಂದ ಕೆಳಗಿನ ಚಾವಣಿಗೆ ಕಂದು ಕಲೆ ಇಳಿಯಿತು. ಹೀಟರ್ ಹಾಕಿ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ವರದಿ ತೆರೆದು ನೋಡಿದರೆ ಈ ಮೂರೂ ಜಾಗಗಳ ಹೆಸರು ಕೊನೆಯ ಪುಟದಲ್ಲಿದ್ದವು, ‘ಪರೀಕ್ಷಿಸಲು ಸಾಧ್ಯವಾಗಿಲ್ಲ’ ಎಂಬ ತಲೆಬರಹದ ಕೆಳಗೆ. ತಪಾಸಣೆಯ ದಿನ ಕರೆಂಟು ಇರಲಿಲ್ಲ, ಟ್ಯಾಂಕು ಖಾಲಿ, ಆ ಗೋಡೆಗೆ ಬೀರು ಒತ್ತಿ ನಿಂತಿತ್ತು. ಆ ಪುಟವನ್ನು ಯಾರೂ ಓದಿರಲಿಲ್ಲ.

ತಪಾಸಕ ಗೋಡೆ ಒಡೆಯುವುದಿಲ್ಲ, ಟೈಲ್ಸ್ ಕೀಳುವುದಿಲ್ಲ, ಬೀಗ ಹಾಕಿದ ಕೋಣೆಗೆ ಹೋಗುವುದಿಲ್ಲ. ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು, ಚಾಲೂ ಮಾಡಿ ನೋಡಬಹುದಾದದ್ದು, ಇಷ್ಟೇ ಅವನ ಕೆಲಸದ ವ್ಯಾಪ್ತಿ. ಅದಕ್ಕೇ ತಪಾಸಣೆಗೆ ಮುಂಚೆ ಮಾರುವವರಿಂದ ನಾಲ್ಕು ವಿಷಯ ಖಚಿತ ಮಾಡಿಕೊಳ್ಳಿ: ಕರೆಂಟು ಇರಬೇಕು, ಟ್ಯಾಂಕು ತುಂಬಿರಬೇಕು, ಎಲ್ಲ ಕೋಣೆಗಳ ಬೀಗದ ಕೈ ಬೇಕು, ಹೊರಗೋಡೆಗೆ ಅಂಟಿದ ಸಾಮಾನು ಎರಡಡಿ ಈಚೆಗೆ ಸರಿದಿರಬೇಕು. ಇದರಲ್ಲಿ ಒಂದು ತಪ್ಪಿದರೂ ದಿನ ಮುಂದೂಡಿ. ಹೇಗೂ ಬಂದಾಗಿದೆ, ಆದಷ್ಟು ನೋಡೋಣ ಎಂದು ಒಪ್ಪಿಕೊಂಡಲ್ಲೇ ಈ ಮನೆಯವರು ಎಡವಿದ್ದು.

ತೇವದ ವಿಷಯದಲ್ಲಿ ಹೊಸ ಬಣ್ಣವನ್ನು ನಂಬಬೇಡಿ. ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ, ಅಥವಾ ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣವಿದ್ದರೆ ಯಾಕೆಂದು ಕೇಳಲೇಬೇಕು. ಅಡಿಪಾಯದ ಮೇಲೆ ತೇವ ತಡೆಯುವ ಪದರ ಇಲ್ಲದಿದ್ದರೆ ಅಥವಾ ಒಡೆದಿದ್ದರೆ ನೆಲದ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರುತ್ತದೆ, ಸಾಮಾನ್ಯವಾಗಿ ಸುಮಾರು 1 ಮೀಟರ್‌ವರೆಗೆ. ನೀರು ಆರಿದ ಮೇಲೆ ಅದರೊಡನೆ ಬಂದ ಉಪ್ಪು ಬಿಳಿ ಪುಡಿಯಾಗಿ ಹೊರಗೆ ಉಳಿಯುತ್ತದೆ. ಆ ಪುಡಿಯನ್ನು ಕೆರೆದು, ಪುಟ್ಟಿ ಹಚ್ಚಿ, ಬಣ್ಣ ಬಳಿದರೆ ಕೆಲವು ತಿಂಗಳು ಏನೂ ಕಾಣದು. ತೇವದ ಮೀಟರ್ ಇಟ್ಟರೂ ಒಂದೇ ಕಡೆಯ ಅಂಕಿಗೆ ಬೆಲೆಯಿಲ್ಲ. ಗೋಡೆಯಲ್ಲಿ ಉಪ್ಪಿದ್ದರೆ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದೇ ಗೋಡೆಯ ಕೆಳಗೆ, ನಡುವೆ, ಮೇಲೆ ಮತ್ತು ಒಣಗಿದ ಇನ್ನೊಂದು ಗೋಡೆಯ ಮೇಲೆ ಅಳೆದು ಹೋಲಿಸಿದರೆ ಮಾತ್ರ ಅರ್ಥ ಹುಟ್ಟುತ್ತದೆ. ಹೊರಗೆ ಹೋಗಿ ಅಂಗಳದ ಇಳಿಜಾರನ್ನೂ ನೋಡಿ. ಗೋಡೆಯಿಂದ 10 ಅಡಿ ದೂರ ಹೋಗುವಷ್ಟರಲ್ಲಿ ನೆಲ 6 ಅಂಗುಲವಾದರೂ ತಗ್ಗಬೇಕು. ನೆಲ ಗೋಡೆಯ ಕಡೆಗೇ ವಾಲಿದ್ದರೆ ಒಳಗೆ ಎಷ್ಟು ರಿಪೇರಿ ಮಾಡಿದರೂ ತೇವ ಮರಳುತ್ತದೆ.

ಬಚ್ಚಲನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ನೀರು ಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ 25 ಮಿಲಿಮೀಟರ್ ನೀರು ನಿಲ್ಲಿಸಿ, ಮಟ್ಟವನ್ನು ಪೆನ್ಸಿಲಿನಲ್ಲಿ ಗುರುತಿಸಿ 24 ಗಂಟೆ ಬಿಡಿ. ಆಮೇಲೆ ಕೆಳಗಿನ ಚಾವಣಿಯನ್ನೂ ಪಕ್ಕದ ಗೋಡೆಯ ಬುಡವನ್ನೂ ನೋಡಿ. ಒಂದು ದಿನದ ಕೆಲಸವೆಂದು ಮಾರುವವರು ಗೊಣಗಬಹುದು, ಬಿಡಬೇಡಿ. ಗೋಡೆಯೊಳಗಿನ ಪೈಪುಗಳಿಗೆ ಇನ್ನೂ ಸುಲಭದ ದಾರಿಯಿದೆ. ಟ್ಯಾಂಕಿಗೆ ನೀರು ಹೋಗುವ ವಾಲ್ವ್‌ ಮತ್ತು ಎಲ್ಲ ನಲ್ಲಿಗಳನ್ನು ಮುಚ್ಚಿ, ಟ್ಯಾಂಕಿನ ಮಟ್ಟ ಗುರುತಿಸಿ, ರಾತ್ರಿಯಿಡೀ ಬಿಟ್ಟು ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಕರೆಂಟಿನಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಪ್ಲಗ್ ಪಾಯಿಂಟಿಗೆ ಮೂರು ತೂತು ಇದ್ದಮಾತ್ರಕ್ಕೆ ಹಿಂದೆ ಅರ್ಥಿಂಗ್ ತಂತಿ ಇದೆ ಎನ್ನಲಾಗದು. ಕರೆಂಟು ಸೋರಿದರೆ ತಾನಾಗಿ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚೇ ಆರ್‌ಸಿಸಿಬಿ. ಅದರ ಟೆಸ್ಟ್ ಗುಂಡಿ ಒತ್ತಿದಾಗ ಅದು ಬಿದ್ದರೂ ತೃಪ್ತಿಪಡಬೇಡಿ. ಆ ಗುಂಡಿ ಆರ್‌ಸಿಸಿಬಿಯೊಳಗಿನ ಯಂತ್ರವನ್ನಷ್ಟೇ ಪರೀಕ್ಷಿಸುತ್ತದೆ, ಅರ್ಥಿಂಗ್ ಇಲ್ಲದ ಮನೆಯಲ್ಲೂ ಬೀಳುತ್ತದೆ. ಪ್ರತಿ ಪಾಯಿಂಟಿನಲ್ಲೂ ಅರ್ಥಿಂಗ್ ಅಳೆಸಿ, ಹೀಟರ್, ಅಡುಗೆಮನೆ, ಬಚ್ಚಲಿನವನ್ನು ಮೊದಲು. ಜೀವ ಉಳಿಸಲು ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿನದ್ದಾಗಿರಬೇಕು. ಎಂಸಿಬಿಗಳಿರುವ, ಅಂದರೆ ಮಿತಿ ಮೀರಿ ಕರೆಂಟು ಹರಿದರೆ ಕಡಿಯುವ ಸ್ವಿಚ್ಚುಗಳಿರುವ, ಬೋರ್ಡ್ ತೆರೆಸಿ ತಂತಿಯ ದಪ್ಪ, ಎಂಸಿಬಿಯ ಆಂಪ್ ಎರಡನ್ನೂ ಓದಿಸಿ. 1.5 ಚದರ ಮಿಲಿಮೀಟರ್ ತಂತಿಗೆ 32 ಆಂಪಿನ ಎಂಸಿಬಿ ಹಾಕಿದ್ದರೆ ಎಂಸಿಬಿ ಬೀಳುವ ಮೊದಲೇ ತಂತಿ ಕಾದು ಹೊದಿಕೆ ಕರಗುವ ಅಪಾಯವಿದೆ.

ಬಿರುಕುಗಳೆಲ್ಲ ಒಂದೇ ತೆರನಲ್ಲ. ಪ್ಲಾಸ್ಟರಿನ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಗೀರುಗಳು ಬಹುಮಟ್ಟಿಗೆ ನಿರುಪದ್ರವಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಅಥವಾ ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲಿನಂತೆ ಹೋಗಿ, ಒಂದು ತುದಿಯಲ್ಲಿ ಅಗಲವಾಗಿ, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು ಅಡಿಪಾಯ ಒಂದು ಕಡೆ ಕುಸಿದಿರುವ ಸೂಚನೆ. ತೊಲೆ ಅಥವಾ ಚಾವಣಿಯಲ್ಲಿ ಕಂಬಿಯ ಉದ್ದಕ್ಕೇ ಬಿರುಕು, ತುಕ್ಕಿನ ಕಲೆ ಕಂಡರೆ ಒಳಗಿನ ಕಬ್ಬಿಣ ಸಾಯುತ್ತಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಮೇಲಿನ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಅಂಥ ಕಡೆ ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಇವೆರಡರಲ್ಲಿ ಒಂದು ಕಂಡರೂ ಸಾಮಾನ್ಯ ತಪಾಸಣೆ ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್ ಬರಲೇಬೇಕು.

ತಪಾಸಕನನ್ನು ಬ್ರೋಕರ್ ಕೊಟ್ಟ ನಂಬರಿನಿಂದ ಕರೆಯಬೇಡಿ, ವ್ಯವಹಾರ ಮುರಿದರೆ ಬ್ರೋಕರಿಗೆ ಕಮಿಷನ್ ಇಲ್ಲ. ರಿಪೇರಿಯನ್ನೂ ತಾನೇ ಮಾಡುತ್ತೇನೆ ಎನ್ನುವವನೂ ಬೇಡ. ಇಡೀ ಮನೆಯನ್ನು ಒಂದು ಗಂಟೆಯಲ್ಲಿ ಮುಗಿಸುವವನು ಏನು ನೋಡಿಯಾನು? ನೀವೂ ಜೊತೆಗಿದ್ದು ಪ್ರತಿ ಕೋಣೆಯಲ್ಲೂ ನಡೆಯಿರಿ.

ಕರಾರಿನಲ್ಲಿ ಎರಡು ಸಾಲು ಇರಲಿ. ತಪಾಸಣೆಯಲ್ಲಿ ದೊಡ್ಡ ದೋಷ ಸಿಕ್ಕರೆ ಮುಂಗಡ ಪೂರ್ತಿ ವಾಪಸ್ ಬರಬೇಕು. ಪರೀಕ್ಷಿಸದೆ ಉಳಿದ ಭಾಗಗಳನ್ನು ಕ್ರಯಪತ್ರಕ್ಕೆ ಮೊದಲು ತೆರೆದು ತೋರಿಸಬೇಕು. ರಿಪೇರಿ ಮಾಡಿಕೊಡುತ್ತೇನೆ ಎಂದು ಮಾರುವವರು ಒಪ್ಪಿದರೆ ಪ್ಲಾಸ್ಟರ್ ಮುಚ್ಚುವ ಮೊದಲೇ ತಪಾಸಕನನ್ನು ಮತ್ತೊಮ್ಮೆ ಕರೆಸಿ. ಪುಟ್ಟಿ ಒಣಗಿದ ಮೇಲೆ ಒಳಗೆ ಏನು ಮಾಡಿದ್ದಾರೆಂದು ಹೇಳಲು ಅವನಿಗೂ ಆಗುವುದಿಲ್ಲ.